ನಾಲ್ಕನೆಯ ಗೆಣ್ಣು

ಆ ನಿರ್ದೇಶಕ ಹೊಟ್ಟೆಕಿಚ್ಚಿನ ಮನುಷ್ಯ. ಇದರಲ್ಲಿ ಎರಡು ಮಾತಿಲ್ಲ. ಇಪ್ಪತ್ತೆರಡು ವರ್ಷ ಟಿವಿಯಲ್ಲಿ ಜನರನ್ನು ನಗಿಸಿದ, ಬೇರೆಯವರು ನಗಿಸಿದಾಗ ಮಾತ್ರ ಒಮ್ಮೆಯೂ ಹಲ್ಲು ಬಿಡಲಿಲ್ಲ. ಅವನ ಮೂರನೆಯ ಧಾರಾವಾಹಿಯಲ್ಲಿ ಒಂದು ನಾಯಿ ಇತ್ತು. ವೀಕ್ಷಕರ ಪತ್ರಗಳು ಅವನಿಗಿಂತ ನಾಯಿಗೇ ಹೆಚ್ಚು ಬರತೊಡಗಿದ ತಿಂಗಳಲ್ಲಿ ಅದು ಕತೆಯೊಳಗೆ ದೂರದ ನೆಂಟರ ಮನೆಗೆ ಹೋಯಿತು, ಮತ್ತೆ ಬರಲಿಲ್ಲ. "ನಾಯಿ ಮೇಲೂ ಹೊಟ್ಟೆ ಉರ್ಕೊಂಡ ಮಹಾನುಭಾವ ಕಣಯ್ಯಾ" ಎಂದು ಸೆಟ್ಟಿನವರು ಬೆನ್ನ ಹಿಂದೆ ಆಡಿಕೊಂಡರು.

ಕೆಲಸ ಮಾತ್ರ ಅವನಿಗೆ ಕರತಲಾಮಲಕ. ಮೊದಲನೆಯ ಧಾರಾವಾಹಿ, ಒಂದೇ ಮನೆಯಲ್ಲಿ ಬೀಡುಬಿಟ್ಟ ಮೂವರು ಅಳಿಯಂದಿರದು. ಹಿರಿಯ ಅಳಿಯನ ಪಾತ್ರಧಾರಿ ಒಂದು ದಿನ ಮಾತು ಮರೆತು, ಮಾವ ಬೈದು ಮುಚ್ಚಿಕೊಂಡು ಹೋದ ಬಾಗಿಲನ್ನೇ ಪೆಕರನಂತೆ ನೋಡುತ್ತ ನಿಂತುಬಿಟ್ಟ. ದೀಪ ಹಿಡಿದವರೆಲ್ಲ ಗೊಳ್ಳೆಂದು ನಕ್ಕರು. ಅಂದಿನಿಂದ ಅದೇ ನಿಯಮವಾಯಿತು: ಬಾಗಿಲು ಮುಚ್ಚಬೇಕು, ನಿರ್ದೇಶಕನ ಹೆಬ್ಬೆರಳು ತೋರುಬೆರಳಿನ ಮೂರು ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಬೇಕು, ಆಮೇಲೆಯೇ ಮುಂದಿನ ಮಾತು. ಎರಡನೆಯ ಧಾರಾವಾಹಿಯ ಅಂಚೆ ಕಚೇರಿಯಲ್ಲೂ ಮೂರೇ, ಮೂರನೆಯದರ ಶಾಲೆಯಲ್ಲೂ ಮೂರೇ. ಅವನಿಗೆ 'ಗೆಣ್ಣು ಸಾರ್' ಎಂಬ ಅಡ್ಡಹೆಸರು ಬಿತ್ತು.

ಅವನ ಹೆಂಡತಿ ಪ್ರತಿ ವಾರ ಪಕ್ಕದಲ್ಲಿ ಕೂತು, ಒಗೆದ ಬಟ್ಟೆ ಮಡಿಸುತ್ತ ಧಾರಾವಾಹಿ ನೋಡುತ್ತಿದ್ದಳು. ಮುಗಿದ ಮೇಲೆ "ಪರವಾಗಿಲ್ಲ" ಎನ್ನುತ್ತಿದ್ದಳು. ನಗುತ್ತಿರಲಿಲ್ಲ. ನಾಲ್ಕನೆಯದು, ಲಿಫ್ಟು ಸದಾ ಕೆಟ್ಟಿರುವ ಕಟ್ಟಡವೊಂದರ ಕತೆ, ನಡೆಯುತ್ತಿದ್ದಾಗ ಅವನು ಜ್ವರದಿಂದ ಮಲಗಿದ. ಒಂದು ಕಂತನ್ನು ಸಹಾಯಕಿಯೇ ನಿರ್ದೇಶಿಸಿದಳು. ಒಂಬತ್ತು ವರ್ಷ ಅವನ ಕೈಕೆಳಗೆ ಪಳಗಿದವಳು. ಆ ಕಂತು ಬಂದ ಸಂಜೆ ಹೆಂಡತಿ, ಮಡಿಸುತ್ತಿದ್ದ ಅಂಗಿಯನ್ನು ಬಾಯಿಗೆ ಒತ್ತಿಕೊಂಡು ಬಿದ್ದು ಬಿದ್ದು ನಕ್ಕಳು.

"ಅಂತೂ ಈ ವಾರ ಚೆನ್ನಾಗಿ ಮಾಡಿದೀರ ಕಣ್ರೀ!"

ಅದು ಅವನು ಮಲಗುವ ಮೊದಲೇ ಮಾಡಿಟ್ಟ ಕಂತೆಂದು ಅವಳು ತಿಳಿದಿದ್ದಳು. ಬಾಗಿಲು ಮುಚ್ಚಿದ ಮೇಲೆ ಸಹಾಯಕಿ ನಾಲ್ಕು ಎಣಿಸುವಷ್ಟು ಬಿಟ್ಟಿದ್ದಳು. ಅವನು ಕಂಬಳಿಯೊಳಗೆ ಗೆಣ್ಣು ಮುಟ್ಟಿ ನೋಡಿಕೊಂಡಿದ್ದ. ಮತ್ತೆ ಸೆಟ್ಟಿಗೆ ಹೋದ ದಿನವೇ ಎಲ್ಲರೆದುರು ಅವಳ ನೀರಿಳಿಸಿದ.

"ಮೂರು ಅಂದ್ರೆ ಮೂರು! ಎಣಿಸೋಕೆ ಬರಲ್ವೇನಮ್ಮ? ನಾಲ್ಕನೇದು ನಿಮ್ಮಪ್ಪನ ಮನೆಯಿಂದ ತಂದ್ಯಾ?"

ಆ ತಿಂಗಳೇ ಅವಳು ಕೆಲಸ ಬಿಟ್ಟಳು. ಹೆಂಡತಿಗೆ ಅವನು ಯಾವುದನ್ನೂ ಹೇಳಲಿಲ್ಲ. "ಆ ಲಿಫ್ಟಿಂದು ಒಂದು ಮಾಡಿದ್ರಲ್ಲ, ಅಂಥದ್ದು ಇನ್ನೊಂದು ಮಾಡ್ರೀ" ಎಂದು ಅವಳು ಆಗಾಗ ಕೇಳುವಾಗ ಎದ್ದು ಟಿವಿ ಆರಿಸುತ್ತಿದ್ದ.

ಎರಡು ವರ್ಷದ ಮೇಲೆ ವಾಹಿನಿಯಲ್ಲಿ ಭಾನುವಾರ ಸಂಜೆಯ ಅರ್ಧ ಗಂಟೆ ಖಾಲಿಯಾಯಿತು. ಅದಕ್ಕೆ ಒಂದು ಕಡೆ ಅವನ ಐದನೆಯ ಧಾರಾವಾಹಿ, ಇನ್ನೊಂದು ಕಡೆ ಆ ಸಹಾಯಕಿಯ ಮೊದಲನೆಯದು. ಎರಡರ ಮೊದಲ ಕಂತನ್ನೂ ನೋಡಿ ವಾಹಿನಿಯ ಮುಖ್ಯಸ್ಥೆ ಒಂದನ್ನು ಆರಿಸುವುದೆಂದಾಗಿತ್ತು. ಅವನಿಗೆ ಅರವತ್ತು ಹತ್ತಿರ ಬಂದಿತ್ತು. ಇದು ಕೈತಪ್ಪಿದರೆ ಮತ್ತೊಂದನ್ನು ಯಾರೂ ಕರೆದು ಕೊಡುವಂತಿರಲಿಲ್ಲ.

ಆಯ್ಕೆಯ ಹಿಂದಿನ ದಿನ ಬೆಳಿಗ್ಗೆ ಅವನು ತನ್ನ ಕಂತನ್ನು ಒಯ್ಯಲು ಮೂರನೆಯ ಮಹಡಿಯ ಸಂಕಲನದ ಕೋಣೆಗೆ ಹೋದಾಗ ಅಲ್ಲಿ ಹಳೆಯ ಸಹಾಯಕಿ ಕೂತಿದ್ದಳು. ಇಬ್ಬರಿಗೂ ಸಂಕಲನಕಾರ ಒಬ್ಬನೇ. ಪರದೆಯ ಮೇಲೆ ಅವಳ ಕತೆಯ ಓರಗಿತ್ತಿಯರು ಜಗಳಕ್ಕಿಳಿದಿದ್ದರು. "ನಿಮ್ಮ ಬೀರು ಮುಟ್ಟೇ ಇಲ್ಲ ಅಕ್ಕಾ, ದೇವರಾಣೆ!" ಎಂದು ಕಿರಿಯಳು ದಡಾರನೆ ಬಾಗಿಲು ಹಾಕಿಕೊಂಡು ಹೋದಳು. ಬಾಗಿಲ ಸಂದಿಯಲ್ಲಿ, ಹಿರಿಯಳ ಬೀರುವಿನಲ್ಲಿ ಇರಬೇಕಾಗಿದ್ದ ರೇಷ್ಮೆ ಸ್ಕಾರ್ಫಿನ ತುದಿ ಸಿಕ್ಕಿಕೊಂಡಿತು. ಅದು ನೋಡುವವರ ಕಣ್ಣಿಗೆ ಬೀಳುವ ಮೊದಲೇ ಹಿರಿಯಳು ಕಿರುಚಿದಳು. ನಗು ಅಲ್ಲೇ ಸತ್ತಿತು.

ನಿರ್ದೇಶಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಹೇಗಿದೆ ಸಾರ್?" ಎಂದು ಅವಳು ಎದ್ದು ನಿಂತು ಕೇಳಿದಳು.

"ಚೆನ್ನಾಗಿದೆ."

"ಸ್ಕಾರ್ಫು ಮೆಲ್ಲಗೆ ಒಳಗೆ ಹೋಗೋದೂ ಇತ್ತು ಸಾರ್. ಕತ್ತರಿಸಿಬಿಟ್ಟೆ."

"ಯಾಕೆ?"

"ಬಾಗಿಲು ಮುಚ್ಚಿದ ತಕ್ಷಣ ಈಗಲೂ ನೀವು ಬೈದಿದ್ದೇ ಕಿವೀಲಿ ಕೇಳುತ್ತೆ. ಎಷ್ಟು ಬಿಡಬೇಕೋ ಗೊತ್ತಾಗಲ್ಲ. ಸಹವಾಸವೇ ಬೇಡ ಅಂತ ತೆಗೆದೆ." ಅವಳು ಸುಮ್ಮನೆ ನಕ್ಕಳು. "ಮನೇಲಿ ಅಮ್ಮಾವ್ರು ಚೆನ್ನಾಗಿದಾರಾ?"

"ಅವಳಿಗೇನು, ಇದಾಳೆ."

ಸಂಕಲನಕಾರ ಇದ್ಯಾವುದೂ ತನ್ನ ಕಿವಿಗೆ ಬಿದ್ದಿಲ್ಲವೆಂಬಂತೆ ಕನ್ನಡಕ ಒರೆಸಿಕೊಂಡ. ನಿರ್ದೇಶಕ ತನ್ನ ಕಂತಿನ ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಅವನು ಯಾರ ಕಂತನ್ನೂ ಕೆಡಿಸಿರಲಿಲ್ಲ, ಅವಳೇ ಕೆಡಿಸಿಕೊಂಡಿದ್ದಳು. ಬಾಯಿ ಮುಚ್ಚಿಕೊಂಡು ಮನೆ ಸೇರಿದರೆ ಭಾನುವಾರ ಅವನದೇ. ಭಾನುವಾರ ಸಂಜೆ ಹೆಂಡತಿ ಬಟ್ಟೆ ಮಡಿಸುತ್ತ ಕೂರುತ್ತಾಳೆ, ಮುಗಿದ ಮೇಲೆ ಪರವಾಗಿಲ್ಲ ಎನ್ನುತ್ತಾಳೆ.

ಕೊನೆಯ ಮೆಟ್ಟಿಲಲ್ಲಿ ಅವನು ನಿಂತ. "ಹಾಳಾದವಳು! ಅಂಥಾ ಸ್ಕಾರ್ಫನ್ನ ಕತ್ತರಿಸೋದಾ?" ಎಂದು ಗೋಡೆಗೆ ಹೇಳಿದ. ಕಾವಲಿನವನು ಬೆಚ್ಚಿ ತಲೆಯೆತ್ತಿ ನೋಡಿದ. ನಿರ್ದೇಶಕ ಬೈಯುತ್ತಲೇ, ಏದುಸಿರು ಬಿಡುತ್ತ, ಮೂರು ಮಹಡಿ ಮತ್ತೆ ಹತ್ತಿದ.

ಕೋಣೆಯೊಳಗೆ ಹೋಗಲಿಲ್ಲ. ಬಾಗಿಲನ್ನು ಒಂದು ಗೇಣಷ್ಟು ತೆರೆದು ಬಲಗೈಯನ್ನು ಮಾತ್ರ ಒಳಗೆ ಚಾಚಿದ. ಹೆಬ್ಬೆರಳು ತೋರುಬೆರಳಿನ ಒಂದು ಗೆಣ್ಣನ್ನು ಮುಟ್ಟಿತು, ಎರಡನೆಯದನ್ನು ಮುಟ್ಟಿತು, ಮೂರನೆಯದನ್ನು ಮುಟ್ಟಿ ಅಲ್ಲೇ ತಡೆಯಿತು. ಆಮೇಲೆ ಪಕ್ಕಕ್ಕೆ ಸರಿದು ನಡುಬೆರಳಿನ ಮೊದಲ ಗೆಣ್ಣನ್ನೂ ಮುಟ್ಟಿತು. ಕೈ ಮೆಲ್ಲಗೆ, ಸ್ಕಾರ್ಫಿನ ತುದಿಯ ಹಾಗೆ, ಸಂದಿಯಿಂದ ಹೊರಗೆ ಜಾರಿತು. ಬಾಗಿಲು ಮುಚ್ಚಿಕೊಂಡಿತು.