ಚೈನಿನ ಮೇಲೆ ಅವರ ಹೆಬ್ಬೆರಳು

ನಮ್ಮ ಮನೆಯವರ ಹೆಸರು ಪಂಚಪ್ಪ. ಇದ್ದಾಗ ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯುತ್ತೇನೆ. ಗದಗಿನ ಕಡೆಯವರು. ಯಶವಂತಪುರದ ಫ್ಯಾಕ್ಟರಿಯಲ್ಲಿ ಕೆಲಸ, ಆರ್.ಟಿ. ನಗರದ ವಠಾರದಲ್ಲಿ ಮನೆ. ಮಾತು ಕಡಿಮೆ.

ಎಪ್ಪತ್ತೆಂಟರಲ್ಲಿ ಹಳೆಯ ರಾಜದೂತ್ ಗಾಡಿ ತಂದರು. ಚೈನ್ ಮುಚ್ಚುವ ತಗಡು ಮೊದಲಿನವನ ಕಾಲಕ್ಕೇ ಹೋಗಿತ್ತು. ಚೈನ್ ಜೋತಾಡುತ್ತದೆ ಅನ್ನಿಸಿತು ಇವರಿಗೆ. ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರದ ನಟ್ ಸಡಿಲಿಸಿ, ಚಕ್ರ ಹಿಂದಕ್ಕೆಳೆದು ಬಿಗಿ ಮಾಡಿದರು. ನಮ್ಮ ಕಡೆ ಚಕ್ಕಡಿಗೆ ಹೇರು ಕಟ್ಟುವುದು ಹಾಗೆ. ಹಗ್ಗ ಒಂದಿಷ್ಟೂ ಆಡಬಾರದು. ಅದೇ ಲೆಕ್ಕ ಇಲ್ಲಿಗೂ ಹಾಕಿದರು.

ಚಿಕ್ಕಜಾಲಕ್ಕೆ ನಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೊರಟೆವು. ಹುಣಸಮಾರನಹಳ್ಳಿ ಹತ್ತಿರ ಚೈನ್ ಪಟ್ ಅಂತ ಹರಿಯಿತು. ಕೂಸಿನ ಕುಲಾವಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ಹಿಂದಿನಿಂದ ಗಾಡಿ ದಬ್ಬಿದೆ.

ನಮ್ಮ ಬೀದಿ ಕೊನೆಗೆ ಗಯಾಸ್ ಅನ್ನುವವರ ರಿಪೇರಿ ಅಂಗಡಿ. ಹೊಸ ಚೈನ್ ಹಾಕಿ ಕೇಳಿದರು, "ಪಂಚಪ್ಪಣ್ಣ, ಟೈಟ್ ಮಾಡುವಾಗ ಮೇಲೆ ಯಾರು ಕೂತಿದ್ರು?"

"ಯಾರೂ ಇಲ್ಲ."

"ಅದಕ್ಕೇ. ಕೂತರೆ ಹಿಂದೆ ಗಾಡಿ ತಗ್ಗುತ್ತೆ, ಚೈನ್ ಇನ್ನೂ ಎಳ್ಕೊಳ್ಳುತ್ತೆ. ಭಾಬೀನ ಕರ್ಕೊಂಡ್ ಬನ್ನಿ."

ಸೆರಗು ಹೊದ್ದು, ಅಂಗಡಿ ಮುಂದೆ ನಿಂತ ಗಾಡಿಯ ಮೇಲೆ ಕೂತೆ. ಬಸ್ಸಿಗೆ ಕಾಯುವವರೆಲ್ಲ ನನ್ನನ್ನೇ ನೋಡಿದರು. ಗಯಾಸ್ ಕೆಳಗಿನ ಚೈನನ್ನು ಹೆಬ್ಬೆರಳಿಂದ ಮೇಲಕ್ಕೆ ಒತ್ತಿದರು. ಗಾಡಿ ತುಸು ಮುಂದೆ ಸರಿಸಿ ಮತ್ತೆ ಒತ್ತಿದರು.

"ಎಲ್ಲಾ ಕಡೆ ಒಂದೇ ಸಮ ಇರಲ್ಲ ಇದು. ತೀರಾ ಬಿಗಿ ಇರೋ ಜಾಗ ಹುಡುಕಿ. ಭಾಬಿ ಕೂತಾಗ ಅಲ್ಲೂ ಇಷ್ಟು ಆಡಬೇಕು," ಅಂದು ಬೆರಳ ತುದಿ ತೋರಿಸಿದರು.

ಅಲ್ಲಿಂದ ಭಾನುವಾರ ಬಂತೆಂದರೆ ಇದೇ ಕೆಲಸ. ಮೊದಲು ಸ್ಟ್ಯಾಂಡಿನ ಮೇಲೆ ಚೈನ್ ಸರಿಮಾಡುವರು. ಆಮೇಲೆ ಗಾಡಿ ಗೋಡೆಗೆ ಒರಗಿಸಿ, "ಬಾ, ಕೂಡು," ಅನ್ನುವರು. ತಾವು ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಬೆರಳು ಒತ್ತುವರು.

ಪಕ್ಕದ ಮನೆ ಸುಗ್ರಾ ಬಾಗಿಲಲ್ಲಿ ನಿಂತು ಕಾಡುತ್ತಿದ್ದಳು. "ದಾನವ್ವಕ್ಕ, ಸವಾರಿ ಎಲ್ಲಿಗೆ? ಗೋಡೆ ದಾಟಲ್ಲ ನಿಮ್ಮ ಗಾಡಿ."

"ನಿನ್ನ ಮನಿಗೇ ಬರಾಕತ್ತೀವಿ, ಚಾ ಇಡು," ಅನ್ನುತ್ತಿದ್ದೆ.

ಎಂಬತ್ತೆರಡರಲ್ಲಿ ನನಗೆ ಸಂಜೆಯಾದರೆ ಜ್ವರ. ಕೆಮ್ಮು. ಊರಲ್ಲಿ ಕ್ಷಯ ಅಂದರೆ ಹೆಂಡತಿಯನ್ನು ತವರಿಗೆ ಕಳಿಸುತ್ತಿದ್ದರು. ತಿರುಗಿ ಬಂದವರನ್ನು ನಾನು ಕಾಣೆ. ಬಾಯಿ ಬಿಡಲಿಲ್ಲ. ಮೈ ಇಳಿದದ್ದು ಕಾಣದಂತೆ ಸೀರೆಗೆ ನೆರಿಗೆ ಹೆಚ್ಚು ಹಾಕಿ ಉಟ್ಟೆ. ಅವರಿಗೆ ಆಗ ಭಾನುವಾರವೂ ಕೆಲಸ. ತಿಂಗಳುಗಟ್ಟಲೆ ಚೈನ್ ನೋಡಲು ಬಿಡುವಾಗಲಿಲ್ಲ.

ಬಿಡುವಾದ ದಿನ ಸ್ಟ್ಯಾಂಡಿನ ಮೇಲೆ ಚೈನ್ ಸರಿಮಾಡಿ ನನ್ನನ್ನು ಕೂರಿಸಿದರು. ಬೆರಳು ಒತ್ತಿದರು. ಚೈನ್ ಎಂದಿನಂತೆ ಬಿಗಿಯಲಿಲ್ಲ. ಕಣ್ಣು ತೆರೆದರು.

"ಇಳದು ಮತ್ತ ಕೂಡು."

ಮತ್ತೆ ಕೂತೆ. ಹಿಂದಿನ ಸ್ಪ್ರಿಂಗ್ ತಡವಿ ನೋಡಿದರು. ಚಕ್ರ ನೋಡಿದರು. ಆಮೇಲೆ, "ಸುಗ್ರವ್ವ, ನೀ ಒಂದೀಟು ಕೂಡವ್ವ," ಅಂದರು. ಸುಗ್ರಾ ಜ್ವರಕ್ಕೆ ಮೊದಲಿನ ನನ್ನಷ್ಟೇ ಆಳು. ನನ್ನ ಕುಬಸ ಅವಳಿಗಾಗುತ್ತಿತ್ತು.

"ನನಗ್ಯಾಕಣ್ಣ ಈ ಶಿಕ್ಷೆ," ಅಂತ ನಗುತ್ತ ಕೂತಳು. ಚೈನ್ ಮೊದಲಿನ ಹಾಗೆ ಬಿಗಿಯಿತು.

ಅವರು ಕೂತಲ್ಲಿಂದಲೇ ನನ್ನ ಕಡೆ ತಿರುಗಿದರು. ಸುಗ್ರಾಳ ನಗು ನಿಂತಿತು.

"ಎಂದಿಂದ?"

"ತವರಿಗೆ ಕಳಸಬ್ಯಾಡ್ರಿ," ಅಂದೆ.

"ಯಾವ ತವರು," ಅಂದರು. ಸ್ಪಾನರ್ ಕೆಳಗಿಟ್ಟರು.

ಮರುದಿನ ಕೆಲಸ ಬಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಒಂದೇ ಹಾಸಿಗೆಯಲ್ಲಿ ಮಲಗುವ ಮನುಷ್ಯನ ಕಣ್ಣಿಗೆ ಕಾಣದ್ದು ಅವರ ಹೆಬ್ಬೆರಳಿಗೆ ಕಂಡಿತು. ಅದು ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ದೇವರ ಮನೆಯಲ್ಲಿ ನಿಂತಾಗಲೂ ನನ್ನ ಮೈ ಹಾಗೆ ಜುಮ್ ಅಂದದ್ದಿಲ್ಲ.

ಸೂಜಿ, ಗುಳಿಗೆ ಬಹಳ ಕಾಲ ನಡೆಯಿತು. ಭಾನುವಾರ ತಪ್ಪದೆ ಕೂರಿಸಿದರು. ಒತ್ತುವರು, ನಟ್ ಮುಟ್ಟದೆ ಏಳುವರು. ಒಂದು ಭಾನುವಾರ ಒತ್ತಿದ ಬೆರಳು ತೆಗೆಯಲೇ ಇಲ್ಲ.

"ಬಿಗಿ ಬಂತು. ಸಡಲ ಮಾಡಬೇಕು," ಅಂದರು. ನಟ್ ತಿರುಗಿಸುವಾಗ ಮುಖ ಗೋಡೆ ಕಡೆ ಮಾಡಿಕೊಂಡಿದ್ದರು.

ಹೀಗೇ ವರ್ಷಗಳು ಕಳೆದವು. ಹೋದ ಶ್ರಾವಣದಲ್ಲಿ ಒಂದು ಭಾನುವಾರ ಚೈನ್ ನೋಡಿ, ಕೈ ತೊಳೆದು ಊಟಕ್ಕೆ ಕೂತರು. ಎದೆ ಹಿಡಿದುಕೊಂಡರು. ಏಳಲಿಲ್ಲ.

ಗಾಡಿ ಗೋಡೆಗೆ ಒರಗಿದ್ದು ಒರಗಿದಂತೇ ಇದೆ. ಮೊನ್ನೆ ಗಯಾಸ್ ಬಂದಿದ್ದರು. "ನಿಂತೂ ನಿಂತೂ ಹಾಳಾಗುತ್ತೆ ಭಾಬಿ, ಒಂದ್ಸಲ ನೋಡ್ತೀನಿ," ಅಂದರು.

"ನಾ ಕೂಡಲೇನು?" ಅಂದೆ. ಅವರು ಗೋಣು ಹಾಕಿದರು.

ಕೂತೆ. ಒತ್ತಿದರು. ಮತ್ತೆ ಒತ್ತಿದರು. ನನಗೂ ಗೊತ್ತಾಯಿತು. ಚೈನ್ ಸಡಿಲವಿತ್ತು. ಆ ಭಾನುವಾರದಿಂದ ಆ ಚಕ್ರ ತಿರುಗಿಲ್ಲ. ಸವೆದದ್ದು ಚೈನಲ್ಲ.

ಗಯಾಸ್ ಸ್ಪಾನರ್ ಮುಟ್ಟಲಿಲ್ಲ. "ಪಂಚಪ್ಪಣ್ಣ ನಿಮಗೆ ಅಂತ ಸರಿಮಾಡಿ ಇಟ್ಟಿದ್ದು ಇದು. ನಾನು ಬದಲಾಯಿಸಲ್ಲ," ಅಂದರು. ಪಕ್ಕದ ಮನೆ ಬಾಗಿಲ ಕಡೆ ತಿರುಗಿ ಕೂಗಿದರು, "ಸುಗ್ರಾ ಬೆಹನ್, ಇವರಿಗೆ ಊಟ ಹಾಕಿ."

ಸುಗ್ರಾ ಅನ್ನ ಸಾರು ತಂದಳು. ಗಾಡಿ ಮೇಲೆ ಕೂತೇ ಉಂಡೆ.