ಒರೆಸಿದ ಕಡ್ಡಿ

ಶಹಾಬಾದಿನ ನಮ್ಮ ಓಣಿಗೆಲ್ಲ ಪರ್ಸಿಕಲ್ಲು ಹಾಸಿತ್ತು. ನಮ್ಮ ಮನೆಯ ಮುಂದಿನ ಜಾಗವಂತೂ ಭಾರೀ ಸಪಾಟು. ಸಾಹುಕಾರರ ಲಾರಿ ಓಡಿಸುತ್ತಿದ್ದ ನಮ್ಮ ಯಜಮಾನರು ಅದನ್ನು ಅಲ್ಲೇ ತಂದು ನಿಲ್ಲಿಸುತ್ತಿದ್ದರು. ಗಾಡಿ ಒಂದು ಕಡೆ ವಾಲಿದ್ದರೆ ಆಯಿಲಿನ ಅಳತೆ ತಪ್ಪುತ್ತದೆ ಎಂಬುದು ಅವರ ಹಟ. ಆ ಹಟದಿಂದ ನನ್ನ ರಂಗೋಲಿಗೆ ಜಾಗವೇ ಇಲ್ಲದಂತಾಗಿತ್ತು.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಅಳತೆ ಕಡ್ಡಿ ಎಳೆಯುವರು. ನನ್ನ ಹಳೆ ಸೀರೆಯ ಚೂರಿನಿಂದ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು, ಎರಡು ಗೀಟುಗಳ ನಡುವೆ ಆಯಿಲ್ ಎಲ್ಲಿ ನಿಂತಿದೆಯೆಂದು ನೋಡುವರು. ಕಡಿಮೆಯಿದ್ದರೆ ಡಬ್ಬಿಯಿಂದ ಸುರಿಯುವರು. ಮೊದಲ ಸಲ ಎಳೆದದ್ದು ಸುಳ್ಳು, ಒರೆಸಿ ಎಳೆದದ್ದೇ ಖರೆ ಎನ್ನುತ್ತಿದ್ದರು. ನನಗೆ ಜ್ವರ ಬಂದರೆ ಹಣೆ ಮುಟ್ಟದವರು ಇದರ ನಾಡಿ ಮಾತ್ರ ದಿನಾ ಹಿಡಿಯುತ್ತೀರಿ ಎಂದು ನಾನು ಅಣಕಿಸುತ್ತಿದ್ದೆ.

ಚಿಂಚೋಳಿಗೆ ಕಲ್ಲು ಒಯ್ಯಬೇಕಾಗಿದ್ದ ಒಂದು ಬೆಳಿಗ್ಗೆ, ಕಡ್ಡಿ ಒರೆಸುತ್ತಿರುವಾಗಲೇ ಯಾರೋ ಅವರನ್ನು ಮಾತಾಡಿಸಿದರು. ಮಾತು ಮುಗಿದ ಮೇಲೆ ಇವರು ಕಡ್ಡಿಯನ್ನು ಮತ್ತೆ ಇಳಿಸುವುದನ್ನು ಮರೆತು, ಹಾಗೆಯೇ ಬಿಸಿಲಿಗೆ ಹಿಡಿದರು.

"ಬರೋಬ್ಬರಿ ಅದ," ಅಂದರು.

ನಾನು ಚಹಾ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಕಡ್ಡಿಯ ಮೇಲೆ ಒಂದು ಹನಿ ಆಯಿಲ್ ಇರಲಿಲ್ಲ.

ಕೆಲವು ತಿಂಗಳಿಂದ ಅವರು ತಾಟಿನಲ್ಲಿ ಪಲ್ಯ ತಡಕುತ್ತಿದ್ದರು, ಚಪ್ಪಲಿಯನ್ನು ಕಾಲಿನಿಂದ ಹುಡುಕುತ್ತಿದ್ದರು. ಅವಸರದ ಮನುಷ್ಯ ಎಂದುಕೊಂಡಿದ್ದೆ. ಈಗ ಕಡ್ಡಿ ಇಸಿದುಕೊಂಡು ನಾನೇ ಇಳಿಸಿ ಎಳೆದೆ. ಆಯಿಲ್ ಕೆಳಗಿನ ಗೀಟನ್ನೂ ಮುಟ್ಟಿರಲಿಲ್ಲ.

"ಕೈಯಾಗಿನ ಕಡ್ಡಿ ಕಾಣಂಗಿಲ್ಲ. ದಾರ್ಯಾಗ ಅಡ್ಡ ಬರೋ ಮಂದಿ ಹ್ಯಾಂಗ ಕಾಣ್ತಾರ್ರಿ?" ಅಂದೆ.

ಅವರು ಹೋಗಿ ಡಬ್ಬಿ ತಂದರು. ನಾನು ಲಾಳಿಕೆ ಹಿಡಿದೆ, ಅವರು ಸುರಿದರು, ಮೇಲಿನ ಗೀಟಿಗೆ ಬಂದಾಗ ಸಾಕೆಂದು ನಾನೇ ಹೇಳಿದೆ. ಆಮೇಲೆ ಕಿಸೆಯಿಂದ ಕೀಲಿ ತೆಗೆದು ನನ್ನ ಕೈಗಿಟ್ಟರು.

"ಸಾಹುಕಾರ್ರಿಗಿ ಕೊಟ್ಟು ಬಾ. ನಾ ಹ್ಯಾಂಗ ಹೇಳ್ಲಿ?"

ಅಷ್ಟು ದೊಡ್ಡ ಗಾಡಿಯ ಕೀಲಿ ಅಷ್ಟು ಹಗುರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅತ್ತೆ. ಕಣ್ಣಿನ ನರ ಒಣಗಿದೆ, ಚಷ್ಮಾದಿಂದ ಉಪಯೋಗವಿಲ್ಲ ಎಂದು ಮುಂದೆ ಗುಲಬರ್ಗಾದ ಡಾಕ್ಟರೂ ಹೇಳಿದರು.

ಜಾಗ ಸಪಾಟಿತ್ತಲ್ಲ, ಲಾರಿ ಮುಂದೆಯೂ ನಮ್ಮ ಬಾಗಿಲಲ್ಲೇ ನಿಲ್ಲುತ್ತಿತ್ತು. ಹೊಸ ಡ್ರೈವರನಿಗೆ ಎಲ್ಲದಕ್ಕೂ ಗಡಿಬಿಡಿ. ಬೀಡಿ ಕಚ್ಚಿಕೊಂಡು ಬರುವನು, ಹತ್ತಿ ಕೂರುವನು, ಸ್ಟಾರ್ಟ್ ಮಾಡಿ ಸೇಡಮ್ಮಿನ ಕಡೆಗೋ ಚಿತ್ತಾಪುರದ ಕಡೆಗೋ ಹೊರಡುವನು. ಯಜಮಾನರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಲಾರಿಯ ಸಪ್ಪಳ ಓಣಿ ದಾಟಿದ ಮೇಲೆ ನನ್ನನ್ನು ಕೇಳುವರು.

"ಕಡ್ಡಿ ಒರಸಿ ನೋಡ್ಯಾನೇನು?"

"ನೋಡ್ಯಾನ್ರಿ. ಬರೋಬ್ಬರಿ ಅದ ಅಂದ," ಎನ್ನುತ್ತಿದ್ದೆ.

ಆ ಲಾರಿಯ ಬಾನೆಟ್ ಎತ್ತಿದರೆ ನಾಲ್ಕು ಮನೆಗೆ ಕೇಳುವಷ್ಟು ಕಿರುಗುಡುತ್ತಿತ್ತು. ಅವರ ಕಿವಿಗೆ ಏನೂ ಆಗಿರಲಿಲ್ಲ. ಚಲೋ ಆಯಿತು ಎಂದು ಹೇಳಿ, ಚಹಾಕ್ಕೆ ಕೈ ಚಾಚುತ್ತಿದ್ದರು.