ಕಾರ್ಯಕ್ರಮಕ್ಕೂ ಆಗುವ ಆಂಪ್

"ಹತ್ತು ವಾಟ್ಸಾ? ಎಂತಕ್ಕೆ ಅಕ್ಕ, ಸೊಳ್ಳೆ ಓಡಿಸ್ಲಿಕ್ಕಾ?"

ಪುತ್ತೂರಿನ ಮ್ಯೂಸಿಕ್ ಅಂಗಡಿಯಲ್ಲಿ ನನ್ನ ತಮ್ಮ ಸತೀಶ ಹೀಗೆ ಕೇಳಿದಾಗ ನನ್ನ ಕೈಯಲ್ಲಿ ಒಂದು ಪುಟ್ಟ ಆಂಪ್ಲಿಫೈಯರ್ ಇತ್ತು. ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಭ್ಯಾಸ ಮಾಡುವವರಿಗೆಂದೇ ಮಾಡಿದ್ದು. ಹೆಚ್ಚೆಂದರೆ ಒಂದು ಮಿಕ್ಸಿಯಷ್ಟು ದೊಡ್ಡದು. ಹೆಡ್‌ಫೋನ್ ಸಿಕ್ಕಿಸಲು ತೂತೂ ಇತ್ತು. ಮನೆಗೆ ಇದು ಧಾರಾಳವಾಯಿತು ಮೇಡಂ ಎಂದು ಅಂಗಡಿಯವರು ಹೇಳುತ್ತಲೇ ಇದ್ದರು.

ಆದರೆ ಸತೀಶನಿಗೆ ಸುಳ್ಯದಲ್ಲಿ ಶಾಮಿಯಾನ ಮತ್ತು ಸೌಂಡ್ಸ್ ವ್ಯವಹಾರ. ಎದುರಿಗೆ ಸಾವಿರ ಜನ ಕೂರದಿದ್ದರೆ ಅವನ ಪ್ರಕಾರ ಅದು ಸೌಂಡೇ ಅಲ್ಲ. ಮೂಲೆಯಲ್ಲಿದ್ದ ನೂರು ವಾಟ್ಸಿನದನ್ನು ತೋರಿಸಿದ. ಫ್ರಿಜ್ಜಿನ ತಮ್ಮನಂತಿತ್ತು. ಮೈಕ್ ಸಿಕ್ಕಿಸಲೂ ಜಾಗವಿತ್ತು.

"ಇದಾದ್ರೆ ಏನಾದ್ರೂ ಕಾರ್ಯಕ್ರಮಕ್ಕೂ ಆಗ್ತದೆ" ಎಂದ.

ಅಲ್ಲಿ ನಾನು ಬಿದ್ದೆ. ನಮ್ಮ ಕಡೆಯವರನ್ನು ಬೀಳಿಸಲು ಇದಕ್ಕಿಂತ ಒಳ್ಳೆಯ ಮಂತ್ರ ಉಂಟೇ? ನಾವು ಪಾತ್ರೆ ಕೊಳ್ಳುವುದು, ಚಾಪೆ ಕೊಳ್ಳುವುದು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವುದು, ಎಲ್ಲವೂ ಮುಂದೆಂದೋ ಬರಲಿರುವ ಆ ಒಂದು ಕಾರ್ಯಕ್ರಮಕ್ಕೆ. ನಮ್ಮ ಮನೆಯಲ್ಲಿರುವುದು ಇಬ್ಬರು. ಅಟ್ಟದಲ್ಲಿ ನೂರು ಜನರಿಗೆ ಪಾಯಸ ಮಾಡುವ ಉರುಳಿ ಇದೆ. (ಸದ್ಯ ಅದರಲ್ಲಿ ಹಳೆಯ ಪೇಪರ್‌ಗಳಿವೆ.)

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಈ ವಯಸ್ಸಿನಲ್ಲಿ ಗಿಟಾರ್ ಹಿಡಿದದ್ದಕ್ಕೆ ನನ್ನ ಬಾಯಿಯೇ ಕಾರಣ. ಕಷ್ಟ ಎನ್ನುವುದೇ ಇಲ್ಲ, ಮನಸ್ಸು ಮಾಡಿದರೆ ಯಾವ ವಯಸ್ಸಿನಲ್ಲೂ ಏನನ್ನೂ ಕಲಿಯಬಹುದು ಎಂದು ಒಂಬತ್ತನೇ ಕ್ಲಾಸಿನಲ್ಲಿ ಭಾಷಣ ಬಿಗಿದಿದ್ದೆ. ಹಾಗಾದರೆ ನೀವು ಸ್ಕೂಲ್ ಡೇಗೆ ಗಿಟಾರ್ ನುಡಿಸಿ ಟೀಚರ್ ಎಂದರು ಮಕ್ಕಳು. ಆಗಲಿ ಎಂದುಬಿಟ್ಟೆ. ಇನ್ನು ನುಡಿಸದಿದ್ದರೆ, ಬೀಜಗಣಿತ ಕಷ್ಟವಲ್ಲ ಎಂದು ಯಾವ ಮುಖ ಹೊತ್ತು ಹೇಳಲಿ?

ಮನೆಗೆ ಬಂದ ಆಂಪ್‌ನ ಗುಣ ಬೇಗ ಗೊತ್ತಾಯಿತು. ವಾಲ್ಯೂಮ್ ಒಂದರಲ್ಲಿಟ್ಟರೆ ಉಸಿರೇ ಇಲ್ಲ. ಚೂರು ಮುಂದೆ ತಿರುಗಿಸಿದರೆ ಅಡುಗೆಮನೆಯ ಸ್ಟೀಲ್ ತಟ್ಟೆಗಳೂ ಜೊತೆಗೆ ನುಡಿಸುತ್ತವೆ. ಎಲ್ಲೋ ದೂರದ ನೆಟ್ಟಣ ಸ್ಟೇಷನ್ನಿನಲ್ಲಿ ರೈಲು ಹತ್ತುವವರಿಗೂ ನನ್ನ ತಪ್ಪು ಕೇಳಿಸಬೇಕೇ?

ನಮ್ಮ ಯಜಮಾನರಿಗೆ ಆಲಂಕಾರು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಜಗಳಕ್ಕೆ ಬಾರದ ಜೀವ. ನಾನು ಗಿಟಾರ್ ಎತ್ತಿದ ಕೂಡಲೇ ಎದ್ದು ಹೋಗಿ ಹೂವಿನ ಗಿಡಗಳಿಗೆ ನೀರು ಬಿಡುತ್ತಿದ್ದರು. (ಮಳೆ ಬರುವಾಗಲೂ.)

ಅಷ್ಟರಲ್ಲಿ ಊರಿನಲ್ಲಿ ಕಾರ್ಯಕ್ರಮಗಳ ಸುಗ್ಗಿ ಶುರುವಾಯಿತು. ಎದುರುಮನೆಯ ಶಂಕರಣ್ಣ ಸತ್ಯನಾರಾಯಣ ಪೂಜೆಗೆಂದು ಆಂಪ್ ಕೇಳಿದರು, ಕೊಟ್ಟೆ. ಅದು ವಾಪಸ್ ಬಂದು ಎರಡು ದಿನವಾಗುವುದರೊಳಗೆ ಭಜನೆಯವರು ಬಂದರು. ಅವರ ನಂತರ ಪಕ್ಕದ ಮನೆಯ ಜಮೀಲ, ಮಗಳ ಮೆಹಂದಿಗೆಂದು. ಇಲ್ಲ ಎನ್ನುವುದು ಹೇಗೆ? ಊರಿಗೆ ಉಪಕಾರಿಯಾದೆನೆಂದು ಒಳಗೊಳಗೇ ಉಬ್ಬಿದ್ದೂ ಹೌದು. ಆದರೆ ಸ್ಕೂಲ್ ಡೇ ಹತ್ತಿರ ಬರುತ್ತಿತ್ತು. ಆಂಪ್ ಇಲ್ಲದ ಎಲೆಕ್ಟ್ರಿಕ್ ಗಿಟಾರೆಂದರೆ ಬಾಟಲಿಯೊಳಗೆ ಸಿಕ್ಕಿಬಿದ್ದ ನೊಣ. ನನಗೋ ಇನ್ನೂ ಹಾಡಿನ ಎರಡನೇ ಸಾಲೇ ಸರಿಯಾಗಿ ಬರುತ್ತಿರಲಿಲ್ಲ.

ಮೆಹಂದಿಗೆ ನಾನೂ ಹೋಗಿದ್ದೆ. ಅಂಗಳದಲ್ಲಿ ಬಾಡಿಗೆಯ ಸ್ಪೀಕರ್‌ಗಳು ಆಳೆತ್ತರಕ್ಕೆ ನಿಂತು ಹಾಡುತ್ತಿದ್ದವು. ಹಾಗಾದರೆ ನನ್ನದು? ಒಳಗಿನ ಕೋಣೆಯಲ್ಲಿ ಬೆಡ್‌ಶೀಟ್ ಹೊದ್ದು, ತಲೆ ಮೇಲೆ ಮೆಹಂದಿ ಕೋನ್‌ಗಳ ಟ್ರೇ ಹೊತ್ತು ಕೂತಿತ್ತು.

ಜಮೀಲ ಮುಚ್ಚಿಡುವವಳಲ್ಲ. "ಟೀಚರೇ, ನಿಮ್ಮ ಯಜಮಾನ್ರೇ ಕೇಳ್ಲಿಕ್ಕೆ ಹೇಳಿದ್ದು. ಒಂದು ವಾರ ನಮ್ಮಲ್ಲಿ ಇರ್ಲಿಯಂತೆ. ಮತ್ತೆ ಪುನಃ ಶಂಕರಣ್ಣನಲ್ಲಿಗೆ ಹೋಗ್ಲಿಕ್ಕುಂಟು."

ಪೂಜೆಯಲ್ಲೂ ಭಜನೆಯಲ್ಲೂ ಅದು ಹೀಗೆಯೇ ಮೂಲೆ ಹಿಡಿದಿತ್ತಂತೆ. ನನ್ನ ಮುಖ ನೋಡಿ ಜಮೀಲ ಸಮಾಧಾನ ಬೇರೆ ಹೇಳಿದಳು.

"ನಮ್ಗೆ ಉಪದ್ರ ಎಂತದೂ ಇಲ್ಲ ಟೀಚರೇ. ಆದ್ರೆ ಅದೇ ಒಂದು ಸಾಲು, ಎಷ್ಟು ಸಲ ಅಂತ ಕೇಳುದು?"

ಮನೆಗೆ ಬಂದು ವಿಚಾರಣೆ ನಡೆಸಿದೆ. ಯಜಮಾನರು ಊರವರಿಗೆ ಉಪಯೋಗವಾಗಲಿ ಎಂದು ಏನೋ ತಡವರಿಸಿದರು. ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅಳುವೂ ಬಂತು. ನೆರೆಯವರಿಗೆ ಬೇಡವಾದರೆ ಹೋಗಲಿ, ಇವರಿಗೂ ಬೇಡವೇ?

ಮರುದಿನವೇ ಪುತ್ತೂರಿಗೆ ಹೋಗಿ ಆ ಮಿಕ್ಸಿ ಗಾತ್ರದ್ದನ್ನು ತಂದೆ, ಹೆಡ್‌ಫೋನ್ ಸಮೇತ. ದೊಡ್ಡದನ್ನು ನೀನೇ ತೆಗೆದುಕೊಂಡು ಹೋಗು ಎಂದು ಸತೀಶನಿಗೆ ಫೋನ್ ಮಾಡಿದೆ. ಅವನು ಹೇಳಿದ್ದೇನು ಗೊತ್ತೇ? "ಬೇಡ ಅಕ್ಕ, ಕಾರ್ಯಕ್ರಮಕ್ಕೆಲ್ಲ ಅದು ಸಾಲುದಿಲ್ಲ."

ಆ ಮೇಲೆ ಮನೆಯಲ್ಲಿ ಪೂರ್ಣ ಶಾಂತಿ. ನಾನು ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತಿದ್ದೆ, ಯಜಮಾನರು ಎದುರೇ ಕೂತು ಪೇಪರ್ ಓದುತ್ತಿದ್ದರು. ಹೂವಿನ ಗಿಡಗಳು ಚೇತರಿಸಿಕೊಂಡವು.

ಸ್ಕೂಲ್ ಡೇ ಬಂತು. ಪುಟ್ಟ ಆಂಪನ್ನು ಕುರ್ಚಿಯ ಮೇಲಿಟ್ಟು, ಅದರ ಬಾಯಿಗೆ ಸತೀಶನ ಮೈಕ್ ಹಿಡಿಸಿದೆವು. ಇಡೀ ಮೈದಾನಕ್ಕೆ ಕೇಳಿತು. ನೂರು ವಾಟ್ಸಿನ ಹಂಗೇ ಬೇಕಾಗಲಿಲ್ಲ. ಒಂದು ಕಡೆ ಬೆರಳು ಜಾರಿತು. ಆದರೂ ನಿಲ್ಲಿಸದೆ ಹಾಡು ಮುಗಿಸಿದೆ. ಒಂಬತ್ತನೇ ಕ್ಲಾಸಿನ ಸಾಲಿನಿಂದ ಶಿಳ್ಳೆ ಬಂತು. ಸಂಗೀತದ ಟೀಚರ್ ಕೂಡ ಬಂದು, ಒಂದೂ ತಪ್ಪಿಲ್ಲದೆ ನುಡಿಸಿದಿರಿ ಎಂದು ಕೈ ಕುಲುಕಿದರು. ಬೀಜಗಣಿತದ ಮಾನ ಉಳಿಯಿತು.

ಯಜಮಾನರ ಸ್ಕೂಟರಿನಲ್ಲಿ ಮನೆಗೆ ಹೊರಟೆವು. ಮನೆಯ ತಿರುವು ಬಂದಾಗ ಅವರು ಮೆಲ್ಲ ಹೇಳಿದರು.

"ಎರಡನೇ ಸಾಲು ಮುಗಿಯುವಲ್ಲಿ ಒಂದು ಸ್ವರ ತಪ್ಪಿತಲ್ಲ ಮಾರಾಯ್ತಿ? ಅಲ್ಲಿ ಸ್ವಲ್ಪ ಎಳೀಬೇಕಿತ್ತು."

ಈಗ ನೀವೇ ಹೇಳಿ, ಕಿವಿಗೆ ಬೀಳಲೇಬಾರದೆಂದು ನನ್ನ ಆಂಪನ್ನು ಮನೆಮನೆ ದಾಟಿಸಿದ ಈ ಮನುಷ್ಯನಿಗೆ ನನ್ನ ಹಾಡು ಬಾಯಿಪಾಠವಾದದ್ದು ಯಾವಾಗ?